ಶ್ರವಣಸಾಧನವೂ ನಿಸ್ತಂತು ಸಂಪರ್ಕವೂ

(ಆಶಾ ಕಾರ್ಯಕರ್ತೆಯರು ಹಾಗೂ ಹಿರಿಯ ನಾಗರಿಕರು ಸೇರಿದ್ದ ಸಭೆಯೊಂದರಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕಿವಿ ಮಂದವಾದವರು ಧರಿಸುವ ಶ್ರವಣಸಾಧನವನ್ನು ತಾವೆಲ್ಲರೂ ನೋಡಿರುತ್ತೀರಿ. ನಮ್ಮ ಕಡೆ ಅದನ್ನು ‘ಕಿವಿ ಮಿಷನ್’ ಎನ್ನುವುದು ರೂಢಿ. ಹಿಂದೆ ಅಂಗಿಯ ಜೇಬಿನಲ್ಲಿ ಪುಟ್ಟ ಪೆಟ್ಟಿಗೆಯನ್ನಿರಿಸಿ, ಅದರಿಂದ ಕಿವಿಗೆ ತಂತಿ ಎಳೆದುಕೊಳ್ಳುವ ಸಾಧನಗಳೇ ಹೆಚ್ಚಾಗಿದ್ದವು. ಈಗ ಕಿವಿಯ ಹಿಂಬದಿಯಲ್ಲಿ ಮರೆಯಾಗಿ ಕುಳಿತುಕೊಳ್ಳುವ ಸಾಧನಗಳು ಬಂದಿವೆ. ಇವುಗಳಲ್ಲಿ ಕೆಲವು ತಂತಿಯ ನೆರವಿಲ್ಲದೆಯೇ ಒಂದರೊಡನೊಂದು ಹಾಗೂ ಮೊಬೈಲ್ ಫೋನಿನೊಡನೆ ಸಂಪರ್ಕ ಹೊಂದಬಲ್ಲವು. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಿಗೂ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ಮೂಲಕ, ಇಂತಹ ಸಾಧನಗಳು ಬರತೊಡಗಿವೆ. ಸಾಧನವೇನೋ ಬರುತ್ತದೆ, ಅದರ ತಿಳಿವಳಿಕೆ ಜೊತೆಯಲ್ಲಿ ಬರುವುದಿಲ್ಲ. ಇದರಿಂದ ನಾನೇ ಪೇಚಿಗೆ ಸಿಲುಕಿದ ಪ್ರಸಂಗವೊಂದನ್ನು ಮೊದಲು ಹೇಳುತ್ತೇನೆ.

ಪಾವಗಡ ತಾಲ್ಲೂಕಿನ ಗಡಿಯ ಹಳ್ಳಿಯೊಂದರಿಂದ ಸುಮಾರು ಎಪ್ಪತ್ತು ವರ್ಷದ ತಾಯಿಯೊಬ್ಬರನ್ನು ಅವರ ಸೊಸೆ ನನ್ನಲ್ಲಿಗೆ ಕರೆತಂದರು. “ಅತ್ತೆಗೆ ಕಿವಿಯೊಳಗೆ ಯಾರೋ ಮಾತಾಡ್ತಾರಂತೆ ಡಾಕ್ಟ್ರೇ. ಸಂಜೆಯಾದರೆ ಸಾಕು, ಶುರುವಾಗುತ್ತೆ. ಊರಲ್ಲಿ ಎಲ್ಲಾ ಗಾಳಿ ಸೋಕಿದೆ ಅಂತಾರೆ” ಎಂಬುದು ಆಕೆಯ ದೂರು. ಅದಾಗಲೇ ಎರಡು ಸಲ ತಾಯತ ಕಟ್ಟಿಸಿದ್ದರು. ಅಕ್ಕಪಕ್ಕದವರು ಮಕ್ಕಳನ್ನು ಆ ಮನೆಗೆ ಕಳುಹಿಸುವುದನ್ನೇ ನಿಲ್ಲಿಸಿದ್ದರು. ಇಲ್ಲದ ಧ್ವನಿ ಕೇಳಿಸುತ್ತದೆ ಎಂದರೆ ವೈದ್ಯನ ಮನಸ್ಸು ಮನೋರೋಗದತ್ತ ಹರಿಯುವುದು ಸಹಜ. ನನ್ನದೂ ಹಾಗೆಯೇ ಹರಿಯಿತು. ಮನೋವೈದ್ಯರಿಗೆ ಚೀಟಿ ಬರೆಯಲು ಲೇಖನಿಯನ್ನು ಕೈಗೆತ್ತಿಕೊಂಡಿದ್ದೆ. ಬರೆಯುತ್ತಲೇ, “ಏನು ಮಾತಾಡ್ತಾರೆ ಅಜ್ಜಿ?” ಎಂದು ಕೇಳಿದೆ. “ನಂಗೇನು ತಿಳೀತದೆ ಸ್ವಾಮಿ, ಅವ್ರು ಹಿಂದೀಲಿ ಮಾತಾಡ್ತಾರೆ. ನಡುನಡುವೆ ಜನ ಹೋ ಅಂತ ಕೂಗ್ತಾರೆ” ಎಂದರು. ಆ ತಾಯಿಗೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಹಿಂದಿಯ ಗಂಧವೂ ಇಲ್ಲ. ಬಾರದ ಭಾಷೆಯಲ್ಲಿ ಸಂಜೆಸಂಜೆಗೆ ಭ್ರಮೆ ಹುಟ್ಟುವುದೆಂದರೇನು?

ಲೇಖನಿಯನ್ನು ಕೆಳಗಿಟ್ಟು ವಿಚಾರಿಸಿದಾಗ ಸಂಗತಿ ಹೊರಬಿತ್ತು. ಬೆಂಗಳೂರಿನಲ್ಲಿದ್ದ ಮಗ ತಾಯಿಗೆ ಜೋಡಿ ಶ್ರವಣಸಾಧನ ತಂದುಕೊಟ್ಟು, ಅವುಗಳನ್ನು ತನ್ನ ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸಿದ್ದ. ಅನಂತರ ತಾನು ಹೊಸ ಮೊಬೈಲ್ ಕೊಂಡು, ಹಳೆಯದನ್ನು ಊರಿನಲ್ಲಿ ಓದುತ್ತಿದ್ದ ಮಗನಿಗೆ ಕೊಟ್ಟುಹೋಗಿದ್ದ. ಹುಡುಗ ಶಾಲೆಯಿಂದ ಬಂದು ಕ್ರಿಕೆಟ್ ಆಟ ಹಾಕಿದೊಡನೆ ವೀಕ್ಷಕ ವಿವರಣೆಯೆಲ್ಲ ಅಜ್ಜಿಯ ಕಿವಿಗೆ! ಹುಡುಗನಾದರೋ ಮೊಬೈಲಿನಿಂದ ಶಬ್ದವೇ ಬರುತ್ತಿಲ್ಲವೆಂದು ಅದನ್ನು ಎರಡು ಬಾರಿ ರಿಪೇರಿ ಅಂಗಡಿಗೆ ಒಯ್ದಿದ್ದ. ಅಂಗಡಿಯಲ್ಲಿ ಅದು ಸರಿಯಾಗಿಯೇ ನುಡಿಯುತ್ತಿತ್ತು, ಅಜ್ಜಿ ಅಲ್ಲಿರಲಿಲ್ಲವಲ್ಲ.

ಒಮ್ಮೆ ಜೋಡಿಸಿದ ಮೊಬೈಲು ಹತ್ತಿರಕ್ಕೆ, ಸಾಧಾರಣವಾಗಿ ಹತ್ತು ಮೀಟರಿನೊಳಗೆ, ಬಂದರೆ ಸಾಧನವು ತಾನಾಗಿಯೇ ಅದರೊಡನೆ ಸಂಪರ್ಕ ಬೆಳೆಸುತ್ತದೆ. ಕೇಳಿ ಅನುಮತಿ ಪಡೆಯುವುದಿಲ್ಲ. ಆದುದರಿಂದ ಶ್ರವಣಸಾಧನ ಧರಿಸಿದವರು ‘ಧ್ವನಿ ಕೇಳಿಸುತ್ತದೆ’ ಎಂದಾಗ ಮೊದಲು ಸಾಧನಗಳನ್ನು ಕಳಚಿಸಿ ನೋಡಬೇಕು. ಧ್ವನಿ ಒಡನೆಯೇ ನಿಂತರೆ ದೋಷ ಮನಸ್ಸಿನದಲ್ಲ. ಕಿವಿಯೊಳಗಿನ ಗುಂಯ್‌ಗುಟ್ಟುವಿಕೆಯಾದರೆ ಸಾಧನ ಕಳಚಿದರೂ ನಿಲ್ಲದು; ಎಷ್ಟೋ ಜನರಿಗೆ ಕಳಚಿದ ಮೇಲೆ ಇನ್ನೂ ಜೋರಾಗಿ ಕೇಳಿಸುತ್ತದೆ. ಅಂತಹವರನ್ನೂ, ಕಳಚಿದ ಮೇಲೂ ಮಾತುಗಳು ಕೇಳಿಸುವವರನ್ನೂ ತಪ್ಪದೆ ವೈದ್ಯರಲ್ಲಿಗೆ ಕರೆತರಬೇಕು.

ಇಷ್ಟು ಕೇಳಿ, ಈ ಸಂಪರ್ಕವೇ ಬೇಡವೆಂದು ತಾವು ತೀರ್ಮಾನಿಸಬಾರದು. ಎರಡು ಕಿವಿಗಳಿಗೆ ಶಬ್ದ ತಲುಪುವ ಕಾಲದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರವಿರುತ್ತದೆ. ಮೆದುಳು ಆ ಅಂತರವನ್ನೂ ಶಬ್ದದ ಏರಿಳಿತವನ್ನೂ ಹೋಲಿಸಿ, ಬಸ್ಸು ಎಡದಿಂದ ಬರುತ್ತಿದೆಯೋ ಬಲದಿಂದಲೋ ಎಂದು ತಿಳಿಯುತ್ತದೆ. ಎರಡು ಸಾಧನಗಳು ಬೇರೆಬೇರೆಯಾಗಿ ಶಬ್ದವನ್ನು ಹೆಚ್ಚುಕಡಿಮೆ ಮಾಡಿದರೆ ಈ ಹೋಲಿಕೆ ಕೆಡಬಹುದು. ಜೋಡಿಯಾದ ಸಾಧನಗಳು ಸಮಾಚಾರ ವಿನಿಮಯ ಮಾಡಿಕೊಂಡು ಹೊಂದಿಕೆಯಿಂದ ನಡೆಯುತ್ತವೆ. ಒಂದರ ಗುಂಡಿಯೊತ್ತಿದರೆ ಎರಡರಲ್ಲಿಯೂ ಶಬ್ದ ಏರುತ್ತದೆ. ಮೊಬೈಲಿನೊಡನೆ ನಡೆಯುವ ಸಂಪರ್ಕದ ರೇಡಿಯೋ ಅಲೆಗಳನ್ನು ನೀರಿನಂಶ ತುಂಬಿದ ನಮ್ಮ ತಲೆ ಹೀರಿಕೊಳ್ಳುತ್ತದೆ. ಆದುದರಿಂದ ಒಂದು ಕಿವಿಯಿಂದ ಇನ್ನೊಂದಕ್ಕೆ ಸಮಾಚಾರ ದಾಟಿಸಲು ಹಲವು ಸಾಧನಗಳಲ್ಲಿ ಗೇಣೆರಡು ಗೇಣು ದೂರವಷ್ಟೇ ಸಾಗುವ ದುರ್ಬಲ ಕಾಂತಕ್ಷೇತ್ರವನ್ನು ಬಳಸಲಾಗುತ್ತದೆ. ಇದರಿಂದ ಮೆದುಳು ಕಾಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮಾತ್ರ ಮುಂಚಿತವಾಗಿ ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಮೊಬೈಲಿನಲ್ಲಿ ಬಂದ ಕರೆ ಎರಡು ಕಿವಿಗಳಿಗೂ ನೇರವಾಗಿ ತಲುಪುವುದು ದೊಡ್ಡ ಅನುಕೂಲ. ಮೊದಲು ಇದಕ್ಕಾಗಿ ಕೊರಳಿಗೆ ಇನ್ನೊಂದು ಉಪಕರಣವನ್ನು ತೂಗುಹಾಕಿಕೊಳ್ಳಬೇಕಾಗಿತ್ತು. 2014ರಿಂದ ನೇರವಾಗಿ ಮೊಬೈಲಿಗೆ ಸೇರುವ ಸಾಧನಗಳು ಮಾರುಕಟ್ಟೆಗೆ ಬಂದವು. ಆದರೆ ಎಲ್ಲ ಸಾಧನಗಳೂ ಎಲ್ಲ ಮೊಬೈಲುಗಳೊಡನೆ ಕೂಡುವುದಿಲ್ಲ. ಧರಿಸುವವರ ಮೊಬೈಲನ್ನೇ ಜೊತೆಗೊಯ್ದು, ಕೂಡಿಸಿ ನೋಡಿ, ಅನಂತರ ಹಣ ಕೊಡಿರಿ. ಈ ಸೌಲಭ್ಯವಿಲ್ಲದ ಸಾಧನದವರು ಮೊಬೈಲನ್ನು ಕಿವಿಯ ರಂಧ್ರಕ್ಕಲ್ಲ, ಕಿವಿಯ ಮೇಲ್ಭಾಗದಲ್ಲಿ ಸಾಧನದ ಮೈಕ್ ಇರುವೆಡೆಗೆ ಹಿಡಿಯಬೇಕು. ಎಷ್ಟೋ ಜನರಿಗೆ ಈ ಸಣ್ಣ ಸಂಗತಿಯನ್ನು ಯಾರೂ ಹೇಳಿರುವುದಿಲ್ಲ.

ಶಾಲೆಯ ಮಕ್ಕಳಿಗಂತೂ ಇದರ ಉಪಯೋಗ ಇನ್ನೂ ಹೆಚ್ಚು. ಉಪಾಧ್ಯಾಯರು ಕೊರಳಿನ ಬಳಿ ಪುಟ್ಟ ಮೈಕ್ ಧರಿಸಿದರೆ, ತರಗತಿಯ ಗದ್ದಲವನ್ನು ದಾಟಿ ಅವರ ಮಾತು ಮಗುವಿನ ಕಿವಿಗೆ ನೇರವಾಗಿ ಸೇರುತ್ತದೆ.

ಎಚ್ಚರಿಕೆಯ ಮಾತೂ ಇದೆ. ಕರೆ ಅಥವಾ ಹಾಡು ಬರುತ್ತಿರುವಾಗ ಕೆಲವು ಸಾಧನಗಳು ಹೊರಗಿನ ಶಬ್ದವನ್ನು ತಗ್ಗಿಸುತ್ತವೆ. ಶಿರಾದ ಹೆದ್ದಾರಿಯಂತಹ ರಸ್ತೆಯನ್ನು ಆ ಸ್ಥಿತಿಯಲ್ಲಿ ದಾಟುವುದು ಅಪಾಯ. ಹೀಗೆ ಬಳಸಿದಾಗ ಸೆಲ್ಲೂ ಬೇಗ ಮುಗಿಯುತ್ತದೆ. ಮುಗಿದ ಗುಂಡಿ ಸೆಲ್ಲನ್ನು ಮಗು ನುಂಗಿತೆಂದು ಶಂಕೆ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ; ಅದು ಅನ್ನನಾಳವನ್ನೇ ಸುಡಬಲ್ಲದು.

ಸಂತೆಯಲ್ಲಿ ದೊರೆಯುವ ಬ್ಲೂಟೂತ್ ಇಯರ್‌ಫೋನನ್ನೇ ಕಿವಿ ಮಿಷನ್ ಎಂದು ನಂಬಿ ತಂದವರನ್ನು ನಾನು ನೋಡಿದ್ದೇನೆ. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಎಷ್ಟೋ ವೇಳೆ ಗುಗ್ಗೆ ತೆಗೆಸಿದರೆ ಅಥವಾ ಸೋರುವ ಕಿವಿಗೆ ಚಿಕಿತ್ಸೆಯಾದರೆ ಸಾಧನವೇ ಬೇಕಾಗುವುದಿಲ್ಲ. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮದ ಉದ್ದೇಶವೂ ಇದೇ. ಸಾಧನವೇ ಅಗತ್ಯವಾದ ಅರ್ಹರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ನೆರವುಂಟು. ಆ ಸಾಧನಗಳೆಲ್ಲದರಲ್ಲಿಯೂ ಮೊಬೈಲ್ ಸಂಪರ್ಕ ಇರಬೇಕೆಂದಿಲ್ಲ. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆ ತಾಯಿಯ ಸಾಧನಗಳನ್ನು ಹುಡುಗನ ಮೊಬೈಲಿನಿಂದ ಬಿಡಿಸಿ, ಸೊಸೆಯ ಮೊಬೈಲಿಗೆ ಕರೆಗಳಿಗಷ್ಟೇ ಜೋಡಿಸಿಕೊಟ್ಟೆವು. ಸಾಧನದ ತೊಂದರೆಯೆಂದು ಆಸ್ಪತ್ರೆಗೆ ಬರುವವರು ಇನ್ನು ಮುಂದೆ ಮನೆಯಲ್ಲಿರುವ ಮೊಬೈಲುಗಳನ್ನೆಲ್ಲ ಜೊತೆಯಲ್ಲಿ ತರಬೇಕೆಂದು ಕೋರುತ್ತೇನೆ.