ನೊಂದವರ ಮಾತು ಕೇಳುವ ವಿದ್ಯೆ

(ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೂವತ್ತು ವರುಷ ಹೋಟೇಲಿನಲ್ಲಿ ಕಳೆದವನು. ಮೊದಲು ಲೋಟ ತೊಳೆದೆ, ಅನಂತರ ಮಾಣಿಯಾದೆ, ಈಗ ಗಲ್ಲಾದ ಮೇಲೆ ಕುಳಿತಿದ್ದೇನೆ. ರಾತ್ರಿಶಾಲೆಯ ಋಣದಿಂದ ಹತ್ತನೆಯ ತರಗತಿ ದಾಟಿದೆ, ನಿಧಾನವಾಗಿ ಬಿ.ಎ. ಮುಗಿಸಿದೆ. ನಲವತ್ತೈದನೆಯ ವಯಸ್ಸಿನಲ್ಲಿ ಮನಶ್ಶಾಸ್ತ್ರದ ಎಂ.ಎ.ಗೆ ಹೆಸರು ಕೊಟ್ಟಾಗ ಗೆಳೆಯರು ನಕ್ಕರು. “ಗಲ್ಲಾದ ಮೇಲೆ ಕೂತು ಹುಚ್ಚರಿಗೆ ಮದ್ದು ಕೊಡ್ತೀಯಾ ಮಾರಾಯ?” ಎಂದರು. ಆ ನಗೆಗೆ ಉತ್ತರ ಕೊಡುವಂತೆ ಅಧ್ಯಕ್ಷರು ಅಪ್ಪಣೆ ಮಾಡಿರುವರು.

ನಾನು ಓದಲು ಹೊರಟದ್ದು ಒಬ್ಬ ಹುಡುಗನಿಂದಾಗಿ. ಹಲವು ವರುಷಗಳ ಹಿಂದೆ ನಾನಿದ್ದ ಒಂದು ಹೋಟೇಲಿನ ಅಡಿಗೆಮನೆಗೆ ಬೆಂಕಿ ಬಿತ್ತು. ಗ್ಯಾಸಿನ ರಬ್ಬರು ಕೊಳವೆ ಹಳೆಯದಾಗಿ ಬಿರಿದಿತ್ತು. ದೋಸೆ ಹುಯ್ಯುವ ಭಟ್ಟರು ಮೈ ಸುಟ್ಟುಕೊಂಡು ಮೂರನೆಯ ದಿನ ತೀರಿಕೊಂಡರು. ಆ ಹೊತ್ತು ಒಲೆ ಹಚ್ಚಿದವನು ಹತ್ತೊಂಬತ್ತರ ಹುಡುಗ. ತಪ್ಪು ಅವನದಲ್ಲವೆಂದು ಎಲ್ಲರೂ ಬಲ್ಲೆವು. ಆದರೂ ಅವನು ಉಣ್ಣಲಿಲ್ಲ, ನಿದ್ರಿಸಲಿಲ್ಲ. ಕಡ್ಡಿ ಗೀರಿದ ಸದ್ದಿಗೇ ಬೆಚ್ಚಿಬೀಳುತ್ತಿದ್ದ. ನಾವು ಒಬ್ಬರಾದ ಮೇಲೆ ಒಬ್ಬರು ಹೋಗಿ “ಏನಾಯಿತು, ಹೇಗಾಯಿತು, ಹೇಳು” ಎಂದು ಕೆದಕಿದೆವು. ಅವನು ಹೇಳಿ ಮುಗಿಸಿದೊಡನೆ “ಹೋಗಲಿ ಬಿಡು, ಗಂಡಸಲ್ಲವೇ, ಮರೆತುಬಿಡು” ಎಂದು ಬೆನ್ನು ತಟ್ಟಿದೆವು. ನಾನೂ ತಟ್ಟಿದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಅವನ ಟ್ರಂಕು ಇರಲಿಲ್ಲ. ಊರಿಗೂ ಹೋಗಿಲ್ಲವೆಂದು ಆಮೇಲೆ ತಿಳಿಯಿತು. ಇಂದಿಗೂ ಅವನ ಸುದ್ದಿಯಿಲ್ಲ.

ಓದಲು ಕುಳಿತ ಮೇಲೆ ಅಂಥದೇ ಇನ್ನೊಬ್ಬ ಹುಡುಗನ ಕಥೆ ಪಾಠದಲ್ಲಿ ಬಂದಿತು. ಅಮೆರಿಕದ ಬೋಸ್ಟನ್ ನಗರದಲ್ಲಿ ಕೋಕೋನಟ್ ಗ್ರೋವ್ ಎಂಬ ದೊಡ್ಡ ವಿಹಾರಗೃಹವಿತ್ತು. 1942ನೆಯ ಇಸವಿ ನವೆಂಬರ್ 28ರ ರಾತ್ರಿ ಅಲ್ಲಿ ಬೆಂಕಿ ಎದ್ದು 492 ಜನ ಸತ್ತರು. ತಿರುಗುಬಾಗಿಲಿನಲ್ಲಿ ಜನ ಸಿಕ್ಕಿಬಿದ್ದರು. ಬೇರೆ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಕತ್ತಲೆಯ ಮೂಲೆಯಲ್ಲಿ ಬಲ್ಬು ಹಾಕಲೆಂದು ಕಡ್ಡಿ ಗೀರಿದವನು, ಟೇಬಲ್ಲಿನಿಂದ ತಟ್ಟೆ ಲೋಟ ಎತ್ತುವ 16 ವರುಷದ ಹುಡುಗ. ಬೆಂಕಿಯ ಕಾರಣ ಖಚಿತವಾಗಲಿಲ್ಲ. ವಿಚಾರಣೆಯು ಅವನ ಮೇಲೆ ತಪ್ಪು ಹೊರಿಸಲಿಲ್ಲ. ಜೈಲಿಗೆ ಹೋದವನು ಮಾಲೀಕ. ಆದರೆ ಜನರ ಬಾಯಲ್ಲಿ ಆ ಹುಡುಗ ಬಹುಕಾಲ ಅಪರಾಧಿಯಾಗಿಯೇ ಉಳಿದನು.

ನಮ್ಮ ವಿದ್ಯೆಯ ಒಂದು ಬೇರು ಇರುವುದು ಆ ಬೂದಿಯಲ್ಲೇ. ಅದೇ ನಗರದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕೂರಿಸಿಕೊಂಡು ಅವರ ಮಾತು ಕೇಳಿದರು. 1944ರಲ್ಲಿ ತಾವು ಕಂಡದ್ದನ್ನು ಬರೆದರು: ಗಂಟಲು ಬಿಗಿಯುವುದು, ನಿಟ್ಟುಸಿರು, ಹೊಟ್ಟೆಯಲ್ಲಿ ಬರಿದಾದ ಹಾಗೆನಿಸುವುದು, “ನಾನು ಹೀಗೆ ಮಾಡಿದ್ದರೆ ಅವರು ಉಳಿಯುತ್ತಿದ್ದರು” ಎಂಬ ಕೊರಗು. ಇದು ಹುಚ್ಚಲ್ಲ, ದುಃಖದ ನಡೆಯೇ ಹೀಗೆ. ತಕ್ಕ ಕಾಲದಲ್ಲಿ ತಕ್ಕ ನೆರವು ಸಿಕ್ಕರೆ ಮನುಷ್ಯ ಮತ್ತೆ ಎದ್ದು ನಿಲ್ಲುವನು ಎಂದರು. ಆ ದಾರಿ ನಮ್ಮ ದೇಶಕ್ಕೂ ಬಂದಿದೆ. 1984ರ ಭೋಪಾಲದ ವಿಷಾನಿಲ ದುರಂತದ ಬಳಿಕ ಬೆಂಗಳೂರಿನ ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ಅಲ್ಲಿಯ ಸಾಮಾನ್ಯ ವೈದ್ಯರಿಗೆ, ನೊಂದ ಮನಸ್ಸನ್ನು ಗುರುತಿಸಿ ನೆರವಾಗುವ ತರಬೇತಿ ಕೊಟ್ಟರು.

ಬೆಂಕಿಯೇ ಬೀಳಬೇಕೆಂದಿಲ್ಲ. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಹೊರಗೆ ಬಂದವರು ಸುಮಾರು ಎರಡೂವರೆ ಲಕ್ಷ ಜನ. ಅವರಲ್ಲಿ ಎಷ್ಟೋ ಮಂದಿ ಮರಳಿ ಒಳಗೆ ಹೋಗಲಿಲ್ಲ. ನನ್ನ ತಂದೆಯೂ ಒಬ್ಬರು. ಪಾಳಿಯ ಭೋಂಗಾ ಕೇಳದಿದ್ದರೂ ಅದೇ ಹೊತ್ತಿಗೆ ಎದ್ದು ಖೋಲಿಯ ಹೊಸ್ತಿಲಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಅಕ್ಕಿಯ ಚಿಂತೆ ಮಾಡಿದೆವೇ ವಿನಾ ಅವರ ಮೌನದ ಚಿಂತೆಯನ್ನು ಯಾರೂ ಮಾಡಲಿಲ್ಲ.

ಹಾಗಾದರೆ ಈ ಓದಿನಲ್ಲಿ ಕಲಿಸುವುದೇನು? ಪದವಿಯ ಮೇಲೆ ಎರಡು ವರುಷದ ಅಭ್ಯಾಸ. ಮನಸ್ಸಿನ ಶಾಸ್ತ್ರವನ್ನೂ ರೋಗಲಕ್ಷಣಗಳನ್ನೂ ಓದಬೇಕು. ಸಾಯುವ ಯೋಚನೆ ಬಂದವನನ್ನು ನೇರವಾಗಿ, ಮೆಲ್ಲಗೆ ಕೇಳುವುದನ್ನು ಕಲಿಯಬೇಕು. ಕೇಳಿದರೆ ಆ ಯೋಚನೆ ಹೆಚ್ಚುವುದೆಂಬುದು ತಪ್ಪು ತಿಳಿವಳಿಕೆ. ಮದ್ದು ಕೊಡುವುದು ನಮ್ಮ ಕೆಲಸವಲ್ಲ. ಯಾರನ್ನು ಯಾವಾಗ ಮನೋವೈದ್ಯರಲ್ಲಿಗೆ ಕಳುಹಿಸಬೇಕೆಂದು ತಿಳಿದಿರಬೇಕು. ಕೇಳಿದ ಗುಟ್ಟನ್ನು ಕಾಯಬೇಕು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆ ಮಾತು. ಇಷ್ಟೆಲ್ಲ ಓದಿದರೂ ಸಾಲದು. ಪುಸ್ತಕ ಓದಿ ದೋಸೆ ಹುಯ್ಯಲು ಕಲಿತವರುಂಟೇ? ಭಟ್ಟರ ಪಕ್ಕದಲ್ಲಿ ನಿಂತು ಕೈ ಸುಟ್ಟುಕೊಂಡೇ ಕಲಿಯಬೇಕು. ಇಲ್ಲಿಯೂ ಹಿರಿಯರ ಮೇಲ್ವಿಚಾರಣೆಯಲ್ಲಿ ನೊಂದವರೆದುರು ಕುಳಿತು, ತಪ್ಪಿದಲ್ಲಿ ತಿದ್ದಿಸಿಕೊಂಡು ಕಲಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಕೈಪಿಡಿಯೊಂದರ ಸಾರ ಮೂರೇ ಮಾತು: ನೋಡು, ಕೇಳು, ಜೋಡಿಸು. ಮೊದಲು ಅಪಾಯವಿದೆಯೇ, ಯಾರಿಗೆ ತುರ್ತಾಗಿ ಏನು ಬೇಕು ಎಂದು ನೋಡು. ಅವನು ಹೇಳುವಷ್ಟನ್ನು ಕೇಳು, ಕೆದಕಬೇಡ. ಅನ್ನ, ಆಸರೆ, ಮನೆಯವರು, ವೈದ್ಯರು, ಇವರೊಂದಿಗೆ ಅವನನ್ನು ಜೋಡಿಸು. ದುರಂತ ಕಂಡವರಿಂದ ಒಡನೆಯೇ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿ ಹಿಂದೆ ಇತ್ತು. ಅದರಿಂದ ಲಾಭವಿಲ್ಲ, ಕೆಲವರಿಗೆ ಕೇಡೇ ಆದೀತು ಎಂದು ಪರೀಕ್ಷಿಸಿ ನೋಡಿ ತಿಳಿದಿದ್ದಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಹುಡುಗನಿಗೆ ನಾವು ಮಾಡಿದ್ದು ಅದನ್ನೇ.

ಈಗ ಮುಖ್ಯ ವಿಷಯ. ನಾನು ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಓದಿದೆ. ರಜೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಿ ಕಲಿತೆ. ಆ ಬಾಗಿಲು ಇಂದು ಮುಚ್ಚಿದೆ. ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕಲಿಸಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರಲ್ಲಿ ಆಜ್ಞೆ ಮಾಡಿತು. ಎದುರಿಗೆ ಕುಳಿತು ಕಲಿಯಬೇಕಾದ ವಿದ್ಯೆ ಇದು. ಆಜ್ಞೆಯನ್ನು ನಾನು ಪೂರ್ತಿ ಹಳಿಯಲಾರೆ. ಆದರೆ ಹಗಲಿಡೀ ಕಾಲೇಜಿನಲ್ಲಿ ಕೂರಲು ಮಾಣಿಯ ಮಗನಿಗೆ ಅನ್ನ ಹಾಕುವವರು ಯಾರು? ಅವನು ಹೋಗದಿದ್ದರೆ, ನಾಳೆ ನಮ್ಮವನೊಬ್ಬ ಎದೆ ಒಡೆದು ಕುಳಿತಾಗ ಅವನ ಕನ್ನಡ ತಿಳಿದು ಕೇಳುವವರು ಯಾರು? ವ್ಯವಹಾರಕ್ಕೆ ಹಿಂದಿ ಮರಾಠಿ ಸಾಕು, ಅಳುವುದಕ್ಕೆ ಸಾಲದು.

ಆದುದರಿಂದ ನನ್ನ ಬಿನ್ನಹ ಇಷ್ಟೇ. ನಮ್ಮ ಸಂಘವು ಪ್ರತಿ ಎರಡು ವರುಷಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ, ಈ ಓದಿಗೆ ಫೀಸು, ಊಟ, ಪ್ರಯಾಣದ ಖರ್ಚನ್ನು ಹೊರಲಿ. ಓದಿ ಬಂದವರು ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲಿ ಕುಳಿತು ನಮ್ಮವರ ಮಾತು ಕೇಳಲಿ. ನನ್ನ ಒಂದು ತಿಂಗಳ ಸಂಬಳವನ್ನು ಈಗಲೇ ಖಜಾಂಚಿಯವರ ಕೈಗೆ ಕೊಡುತ್ತಿದ್ದೇನೆ.

ಅಲ್ಲಿಯವರೆಗೆ ಒಂದು ಸಂಖ್ಯೆಯನ್ನು ಬರೆದುಕೊಳ್ಳಿ: 14416. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆ. ಹಗಲಿರುಳೂ ಉಂಟು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ನೀವು ಮಲಗುವ ಕೋಣೆಯ ಗೋಡೆಯ ಮೇಲೆ ಬರೆದಿಡಿ. ಪಕ್ಕದ ಚಾಪೆಯವನು ನಿದ್ರೆಯಿಲ್ಲದೆ ಹೊರಳುತ್ತಿದ್ದರೆ “ಮರೆತುಬಿಡು” ಎನ್ನಬೇಡಿ. ಎದ್ದು ಅವನ ಬಳಿ ಕುಳಿತುಕೊಳ್ಳಿ.