ಮನೆಗಳನ್ನು ಬಿಚ್ಚಿ ತಂದವರು

ಕರಾವಳಿಯ ಚೌಕಿಮನೆಗಳು ಉರುಳಿ, ಕೆತ್ತನೆಯ ಕಂಬಗಳು ಸಿಕ್ಕ ಬೆಲೆಗೆ ಮಾರಾಟವಾಗುತ್ತಿದ್ದ ಕಾಲ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರಿಗೆ ಅದನ್ನು ಕಂಡು ಸುಮ್ಮನಿರಲಾಗಲಿಲ್ಲ. ಇಡೀ ಮನೆಗಳನ್ನೇ ಬಿಚ್ಚಿಸಿ, ಕಂಬ, ತೊಲೆ, ಬಾಗಿಲುಗಳನ್ನು ಮಣಿಪಾಲಕ್ಕೆ ತಂದು ಮತ್ತೆ ಜೋಡಿಸಿದರು. ಎಂಥ ಹಟ, ಎಂಥ ತಾಳ್ಮೆ! ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಇಂದು ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅಕ್ಕಪಕ್ಕದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಆದರೆ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ: ಕರಾವಳಿಯ ಮಳೆಯಲ್ಲಿ ಮರದ ಮನೆ ಉಳಿಸುವುದು ಮುಗಿಯದ ದುಡಿಮೆ. ಪ್ರತಿ ವರ್ಷ ಹೆಂಚು ಸರಿಪಡಿಸಬೇಕು, ಗೆದ್ದಲು ಹತ್ತದಂತೆ ಕಾಯಬೇಕು.

ನಿಮ್ಮೂರಿನ ಹಳೆಯ ಮನೆಯೊಂದು ಬೀಳುವ ಹಂತದಲ್ಲಿದೆಯೇ? ಮನೆಯನ್ನೇ ಉಳಿಸಲಾಗದಿದ್ದರೂ, ಹಿರಿಯರನ್ನು ಅಲ್ಲಿಗೆ ಕರೆದೊಯ್ದು, ಯಾವ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ಕೇಳಿ ಬರೆದಿಡಿ. ಈ ವಾರವೇ ಹೋಗಿ.