ಹಗ್ಗಕ್ಕೂ ಒಂದು ಖಾತೆ ಇರಲಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ ಅಂದು ನಮ್ಮ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅವರು ಹಾಕಿಕೊಟ್ಟ ದಾರಿಯಲ್ಲಿ ನಮ್ಮ ಸಂಘವೂ 25 ವರ್ಷ ನಡೆದು ಬಂದಿದೆ. ಸಾಲ ಯಾವಾಗ ಕೊಟ್ಟೆವು, ಯಾವಾಗ ತೀರಬೇಕು, ಎಲ್ಲಾ ಖಾತೆಯಲ್ಲಿ ಐತಿ. ಆದರೆ ಮನುಷ್ಯನ ಜೀವ ಜೋತುಬೀಳುವ ಹಗ್ಗಕ್ಕೆ ಖಾತೆ ಇಲ್ಲ. ಅದರ ಬಗ್ಗೆಯೇ ನಮ್ಮ ಎರಡು ಮಾತು.

ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಬಾವಿಯ ಹೂಳು ತೆಗೆಸಿದೆವು. ನೈಲಾನ್ ಹಗ್ಗ. ಯಾವಾಗ ಕೊಂಡದ್ದೋ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. 'ನೈಲಾನ್ ಐತಿ, ಏನಾಗತೈತಿ ಬಿಡ್ರಿ' ಅಂದಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೆಳಗಿದ್ದವನು ಅದೇ ಹಗ್ಗ ಹಿಡಿದು ಮೇಲೆ ಬಂದ. ಆಮೇಲೆ ಅವನು ತುದಿಗೆ ಕಟ್ಟಿಬಂದಿದ್ದ ಹೂಳಿನ ಬುಟ್ಟಿ ಎಳೆದೆವು. ದಂಡೆಗೆ ಬರುವಷ್ಟರಲ್ಲಿ ಹಗ್ಗ ಪಟಕ್ಕನೆ ಹರಿಯಿತು. ಬುಟ್ಟಿ ಬಿದ್ದ ಸಪ್ಪಳ ಇನ್ನೂ ನಮ್ಮ ಕಿವಿಯಾಗ ಐತಿ. ಅವನು ರೊಟ್ಟಿ ಕೈಯಾಗ ಹಿಡಕೊಂಡು ಸುಮ್ಮನೆ ನಿಂತಿದ್ದ. ತಪ್ಪು ನಮ್ಮದೇ.

ಹಿಂದಿನ ಪುಂಡಿನಾರಿನ ಹಗ್ಗ ಹಳತಾದರೆ ಕಪ್ಪಾಗತಿತ್ತು, ನಾರು ಉದುರತಿತ್ತು, ಕೊಳೆತ ವಾಸನೆ ಬರತಿತ್ತು. ನೈಲಾನ್, ಪಾಲಿಪ್ರೊಪಿಲೀನ್ ಹಾಗೆ ಕೊಳೆಯುವುದಿಲ್ಲ. ಆದ್ದರಿಂದ ಅವಕ್ಕೆ ಮುಪ್ಪಿಲ್ಲವೆಂದು ನಾವು ತಿಳಿದೆವು. ಮುಪ್ಪು ಐತಿ, ಕಣ್ಣಿಗೆ ಕಾಣೂದಿಲ್ಲ ಅಷ್ಟೆ. ಬಿಸಿಲು ಎಳೆಗಳನ್ನು ಪೆಡಸು ಮಾಡುತ್ತದೆ. ಪಾಲಿಪ್ರೊಪಿಲೀನಿಗೆ ಈ ಬಾಧೆ ಹೆಚ್ಚು. ಕೆಸರಿನ ಮರಳು ಹುರಿಯೊಳಗೆ ಹೊಕ್ಕು ಒಳಗಿನಿಂದ ಕೊಯ್ಯುತ್ತದೆ. ಬ್ಯಾಟರಿಯ ಆಸಿಡ್ ನೈಲಾನನ್ನು ತಿನ್ನುತ್ತದೆ. ಗಂಟು ಹಾಕಿದಲ್ಲಿ ಬಲ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಬಹುದು. ನೈಲಾನ್ ನೆನೆದರೆ ಇನ್ನೂ ಸುಮಾರು ಹತ್ತನೇ ಒಂದು ಪಾಲು ಹೋಯಿತು.

ಜೀವ ಕಾಯುವ ಹಗ್ಗ ತಯಾರಿಸುವವರು ಹೇಳುವ ಸಾಮಾನ್ಯ ಲೆಕ್ಕ ಹೀಗಿದೆ: ಬಳಸದೇ ಇಟ್ಟರೂ 10 ವರ್ಷ ಮೀರಬಾರದು. ವರ್ಷಕ್ಕೆ ಒಂದೆರಡು ಸಲ ಬಳಸಿದರೆ 7 ವರ್ಷ, ತಿಂಗಳಿಗೊಮ್ಮೆ ಆದರೆ 5, ವಾರವಾರ ಆದರೆ 1. ದಿನಾ ಬಳಸಿದರೆ ವರ್ಷವೂ ಬೇಡ. ಇದು ಹೆಚ್ಚೆಂದರೆ. ಆಸಿಡ್ ತಾಗಿದರೆ, ಕಲ್ಲಿನ ಅಂಚಿಗೆ ಕೊಯ್ದರೆ, ಮನುಷ್ಯ ಬಿದ್ದ ಜಗ್ಗು ತಾಳಿದ್ದರೆ, ನಿನ್ನೆ ಕೊಂಡದ್ದಾದರೂ ಅಂದೇ ಕೊನೆ. ಸಂತೆಯ ಹಳದಿ, ನೀಲಿ ಹಗ್ಗವಂತೂ ಮೇವು ಕಟ್ಟಲಿಕ್ಕೆ, ದನ ಕಟ್ಟಲಿಕ್ಕೆ. ಆಳನ್ನು ಇಳಿಸಲಿಕ್ಕೆ ಅಲ್ಲ. ಅದಕ್ಕೆ ಜೀವರಕ್ಷಕ ಹಗ್ಗವೇ ಬೇಕು, ಐ.ಎಸ್. 3521 ಗುರುತಿನ ಪಟ್ಟಿ ಬೇಕು, ಜೊತೆಗೆ ಬೇರೆ ಆಸರೆಗೆ ಕಟ್ಟಿದ ಎರಡನೇ ಹಗ್ಗ ಬೇಕು.

ಬಳಸುವ ಮುನ್ನ ಹಗ್ಗವನ್ನು ಗೇಣು ಗೇಣು ಕೈಯಲ್ಲಿ ಹಾಯಿಸಿ ನೋಡ್ರಿ. ಮೆತ್ತಗಾಗಿದೆಯೇ, ಪೆಡಸಾಗಿದೆಯೇ, ತೆಳುವಾಗಿದೆಯೇ, ಕರಗಿ ಹೊಳಪು ಬಂದಿದೆಯೇ? ಹುರಿಹಗ್ಗವಾದರೆ ಎಳೆ ಬಿಡಿಸಿ ಒಳಗೆ ನೋಡ್ರಿ. ಪುಡಿ ಉದುರಿದರೆ ಅದರ ಕಾಲ ಮುಗಿಯಿತು. ಸಂಶಯ ಬಂದರೂ ಮುಗಿಯಿತು.

ಕೊನೆಗೆ ನಮ್ಮ ಕೋರಿಕೆ. ಸಂಘವು ಒಂದು ಒಳ್ಳೆಯ ಹಗ್ಗ, ಪಟ್ಟಿ ತಂದಿಡಲಿ. ತಯಾರಾದ ದಿನಾಂಕ ಚೀಟಿಯಲ್ಲಿ ಬರೆದು ಕಟ್ಟಲಿ. ಯಾರು ಒಯ್ದರು, ಯಾವ ಕೆಲಸಕ್ಕೆ, ಏನಾಯಿತು, ಖಾತೆಯಲ್ಲಿ ಬರಲಿ. ಗೊಬ್ಬರ, ಔಷಧ, ಬ್ಯಾಟರಿಗಳ ಹತ್ತಿರ ಇಡದೆ ನೆರಳಲ್ಲಿ ಒಣಗಿಸಿ ಬೇರೆ ಕೋಣೆಯಲ್ಲಿಡಲಿ. ಅವಧಿ ತೀರಿದ ದಿನ ಮಾರಿ ತುಂಡು ತುಂಡು ಮಾಡಲಿ. ಇಡೀ ಇಟ್ಟರೆ 'ಇನ್ನೂ ಗಟ್ಟಿ ಐತಿ' ಅಂತ ಯಾರೋ ಒಯ್ಯತಾರ.

ಬಾಕಿ ಉಳಿದ ಸಾಲಕ್ಕೆ ಮರುಗಡುವು ಕೊಡಬಹುದು. ಹಗ್ಗಕ್ಕೆ ಕೊಡಬಾರದು.